ಫಝ್ ಪೆಡಲ್ ಸೆಟ್ಟಿಂಗ್ ಶುರುವಾಗೋದು ಗಿಟಾರಿನ ವಾಲ್ಯೂಮ್ ನಾಬಿಂದ

ಹೋದ ಭಾನುವಾರ ನಮ್ಮ ಚಿಕ್ಕಪ್ಪನ ಮಗ ಥಾಣೆಯಿಂದ ಡೊಂಬಿವಲಿಗೆ ಗಿಟಾರ್ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಬಂದ, ಬಂದವನೇ ಹೊಸ ಫಝ್ ಪೆಡಲ್ (ಗಿಟಾರ್ ಸೌಂಡನ್ನ ಬೇಕಂತಲೇ ಒರಟು ಮಾಡೋ, ಕಾಲಲ್ಲಿ ಒತ್ತೋ ಡಬ್ಬಿ) ತೆಗೆದು ಮೇಜಿನ ಮೇಲಿಟ್ಟು "ಅಣ್ಣ, ಇದನ್ನ ವಾಪಸ್ ಕೊಟ್ಬಿಡ್ತೀನಿ, ಡಬ್ಬಿ ತುಂಬ ಜೇನುಹುಳ ಬಿಟ್ಟ ಹಾಗೆ ಕೇಳ್ಸುತ್ತೆ, ಬ್ಯಾಂಡ್ ಜೊತೆ ಬಾರಿಸಿದ್ರೆ ಅದೂ ಕೇಳ್ಸಲ್ಲ" ಅಂದ. ಒಳ್ಳೇ ಪೆಡಲ್ಲೇ ತಗೊಂಡಿದ್ದ, ವಾಲ್ಯೂಮ್, ಫಝ್, ಟೋನ್, ಬಯಾಸ್, ಇನ್‌ಪುಟ್ ಅಂತ ಐದು ನಾಬು, ಮಿಡ್ಸ್‌ಗೆ (ಸೌಂಡಿನ ಮಧ್ಯದ ಭಾಗಕ್ಕೆ) ಒಂದು ಸ್ವಿಚ್ಚು, ಆಕ್ಟೇವ್‌ಗೆ ಒಂದು ಸ್ವಿಚ್ಚು. ಈಗ ಬರ್ತಿರೋ ಎಷ್ಟೋ ಫಝ್‌ಗಳು ಹೀಗೇ ಇರ್ತವೆ, ಒಂದೇ ಡಬ್ಬಿಲಿ ಅರವತ್ತರ ದಶಕದ ಸೌಂಡಿಂದ ಹಿಡಿದು ಈಗಿನ ಡೂಮ್ ಮೆಟಲ್ಲಿನ ಭಾರವಾದ ಸೌಂಡ್ ತನಕ ಎಲ್ಲಾ ಸಿಗುತ್ತೆ.

ಅವನು ಕನೆಕ್ಟ್ ಮಾಡಿದ್ದು ನೋಡಿದೆ. ಗಿಟಾರಿಂದ ಟ್ಯೂನರ್‌ಗೆ, ಟ್ಯೂನರಿಂದ ಫಝ್‌ಗೆ, ಅಲ್ಲಿಂದ ಆಂಪ್‌ಗೆ (ಆಂಪ್ಲಿಫೈಯರ್‌ಗೆ). ಫಝ್ ನಾಬು ಪೂರ್ತಿ ಬಲಕ್ಕೆ, ಟೋನ್ ಪೂರ್ತಿ ಬಲಕ್ಕೆ. ನಾನು ಫಝ್ ನಾಬನ್ನ ಅರ್ಧಕ್ಕೆ ತಂದು, ಟ್ಯೂನರ್ ತೆಗೆದು ಗಿಟಾರ್ ಕೇಬಲ್ಲನ್ನ ನೇರವಾಗಿ ಫಝ್‌ಗೆ ಹಾಕ್ದೆ, ಆಮೇಲೆ ಅವನ ಗಿಟಾರಿನ ವಾಲ್ಯೂಮ್ ನಾಬನ್ನ 10ರಿಂದ 5ಕ್ಕೆ ಇಳಿಸಿ "ಈಗ ಬಾರ್ಸು" ಅಂದೆ. ಇ ಮೈನರ್ ಕಾರ್ಡ್ ಬಾರಿಸಿದ. ಆರೂ ತಂತಿ ಬಿಡಿಬಿಡಿಯಾಗಿ, ಗಂಟೆ ಹೊಡೆದ ಹಾಗೆ ಕೇಳಿಸ್ತು, ಅಂಚಲ್ಲಿ ಮಾತ್ರ ಒಂಚೂರು ಒರಟು. "ಪೆಡಲ್ ಆಫ್ ಮಾಡಿದ್ಯಾ ಅಣ್ಣ?" ಅಂತ ಕೇಳಿದ. ಪೆಡಲಿನ ಕೆಂಪು ಲೈಟು ಉರೀತಾನೇ ಇತ್ತು.

ನಾನು ಹೇಳ್ಬೇಕು ಅಂದ್ಕೊಂಡಿರೋದು ಇದೇ. ಫಝ್ ಬೇರೆ ಪೆಡಲ್‌ಗಳ ಹಾಗಲ್ಲ. ಡಿಲೇ, ಕೋರಸ್ ಎಲ್ಲಾ ಗಿಟಾರಿಂದ ಬಂದ ಸಿಗ್ನಲ್ ಇಸ್ಕೊಂಡು ತಮ್ಮ ಪಾಡಿಗೆ ಕೆಲಸ ಮಾಡ್ತವೆ. ಹಳೇ ಥರದ ಫಝ್‌ನಲ್ಲಿ ಹಾಗಲ್ಲ, ಗಿಟಾರಿನ ಪಿಕಪ್ ಕಾಯಿಲ್ (ತಂತಿ ಅದುರೋದನ್ನ ಸಿಗ್ನಲ್ ಮಾಡೋ ಸುರುಳಿ), ಗಿಟಾರಿನ ವಾಲ್ಯೂಮ್ ನಾಬು, ಪೆಡಲ್ ಒಳಗಿನ ಮೊದಲ ಟ್ರಾನ್ಸಿಸ್ಟರ್ ಮೂರೂ ಸೇರಿ ಒಂದೇ ಸರ್ಕ್ಯೂಟ್ ಆಗಿರುತ್ತೆ. ಅದಕ್ಕೇ ಪೆಡಲಿನ ನಾಬುಗಳನ್ನಷ್ಟೇ ತಿರುಗಿಸ್ತಾ ಕೂತ್ರೆ ಅರ್ಧ ಪೆಡಲ್ ಮಾತ್ರ ಉಪಯೋಗಿಸಿದ ಹಾಗೆ.

ಒಳಗೆ ಏನಾಗುತ್ತೆ

ತಂತಿ ಮೀಟಿದಾಗ ಬರೋ ಅಲೆ ಗುಡ್ಡದ ಥರ ದುಂಡಗಿರುತ್ತೆ. ಓವರ್‌ಡ್ರೈವ್ ಪೆಡಲ್ ಆ ಗುಡ್ಡದ ತುದಿಯನ್ನ ಮೆತ್ತಗೆ ಒತ್ತುತ್ತೆ, ಡಿಸ್ಟಾರ್ಷನ್ ಇನ್ನೂ ಗಟ್ಟಿಯಾಗಿ ಕತ್ತರಿಸುತ್ತೆ, ಫಝ್ ಆದ್ರೆ ಸಿಗ್ನಲ್ಲನ್ನ ಎಷ್ಟು ಉಬ್ಬಿಸುತ್ತೆ ಅಂದ್ರೆ ಮೇಲೂ ಕೆಳಗೂ ಕತ್ತರಿಸಿ ಹೆಚ್ಚುಕಮ್ಮಿ ಚೌಕಾಕಾರಕ್ಕೆ ತಂದುಬಿಡುತ್ತೆ. ಅಲೆ ಚೌಕ ಆದಷ್ಟೂ ಮೂಲ ಸ್ವರದ ಮೇಲಿನ ಹಾರ್ಮೋನಿಕ್ಸ್ ರಾಶಿ ರಾಶಿ ಹುಟ್ಕೊಳ್ತವೆ, ನಮಗೆ ಕೇಳೋ ಆ ಗರಗರ, ಆ ದಪ್ಪ, ಎಲ್ಲಾ ಅವೇ. ಮೀಟಿದ್ದು ಜೋರಾಗಿದ್ರೂ ಮೆಲ್ಲಗಿದ್ರೂ ಕತ್ತರಿಸಿದ ಎತ್ತರ ಒಂದೇ, ಅದಕ್ಕೆ ಸ್ವರ ಬೇಗ ಸಾಯಲ್ಲ, ಸಸ್ಟೇನ್ ಉದ್ದಕ್ಕೆ ಬರುತ್ತೆ.

ಈ ಸೌಂಡ್ ಶುರುವಾಗಿದ್ದೇ ಒಂದು ಕೆಟ್ಟ ಮಷೀನಿಂದ. 1961ರಲ್ಲಿ ಬಂದ ಅಮೆರಿಕದ ಹಾಡುಗಾರ ಮಾರ್ಟಿ ರಾಬಿನ್ಸ್ ಅವರ ಒಂದು ಹಾಡಿನ ರೆಕಾರ್ಡಿಂಗ್ ನ್ಯಾಶ್‌ವಿಲ್‌ನಲ್ಲಿ ನಡೀತಿದ್ದಾಗ ಮಿಕ್ಸಿಂಗ್ ಕನ್ಸೋಲಿನ ಒಂದು ಚಾನೆಲ್ ಕೆಟ್ಟು ಗ್ರೇಡಿ ಮಾರ್ಟಿನ್ ಬಾರಿಸಿದ ಬೇಸ್ ಸೋಲೋ ಹರಿದುಹೋದ ಹಾಗೆ ರೆಕಾರ್ಡ್ ಆಯ್ತು, ಅವರು ಅದನ್ನ ಹಾಗೇ ಇಟ್ಕೊಂಡ್ರು. ಅಲ್ಲಿನ ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ಸೌಂಡನ್ನ ಟ್ರಾನ್ಸಿಸ್ಟರ್ ಸರ್ಕ್ಯೂಟಲ್ಲಿ ತರೋಕೆ ಕೂತ್ರು, 1962ರಲ್ಲಿ ಗಿಬ್ಸನ್ ಕಂಪನಿ ಅದನ್ನ ಮೇಸ್ಟ್ರೋ ಫಝ್ ಟೋನ್ ಅಂತ ಮಾರಾಟಕ್ಕೆ ತಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಅದನ್ನ ಬಳಸಿದ ಮೇಲೆ ಎಲ್ಲರಿಗೂ ಗೊತ್ತಾಯ್ತು. 1966ರಲ್ಲಿ ಲಂಡನ್ನಲ್ಲಿ ಆರ್ಬಿಟರ್ ಕಂಪನಿಯ ದುಂಡನೆ ಫಝ್ ಫೇಸ್ ಬಂತು, ಒಳಗೆ ಎರಡೇ ಟ್ರಾನ್ಸಿಸ್ಟರ್. ಅರವತ್ತರ ದಶಕದ ಕೊನೇಲಿ ನ್ಯೂಯಾರ್ಕಿನ ಎಲೆಕ್ಟ್ರೋ ಹಾರ್ಮೋನಿಕ್ಸ್‌ನವರು ಬಿಗ್ ಮಫ್ ತಂದ್ರು, ಅದರಲ್ಲಿ ನಾಲ್ಕು ಟ್ರಾನ್ಸಿಸ್ಟರ್, ಡಯೋಡ್ ಇಟ್ಟು ಎರಡು ಸಲ ಕತ್ತರಿಸ್ತಾರೆ. ಇವೆರಡು ಜಾತಿ ಗೊತ್ತಿದ್ರೆ ಸಾಕು, ಯಾಕಂದ್ರೆ ನಿಮ್ಮ ಹತ್ರ ಇರೋ ಬಹುನಾಬಿನ ಪೆಡಲ್ ಇವೆರಡರಲ್ಲಿ ಒಂದರ ಮನೆತನದ್ದೇ ಆಗಿರೋ ಸಾಧ್ಯತೆ ಜಾಸ್ತಿ. ಗಿಟಾರ್ ವಾಲ್ಯೂಮ್ ಇಳಿಸಿದಾಗ ಸೌಂಡ್ ಗಾಜಿನ ಥರ ತಿಳಿಯಾದ್ರೆ ಅದು ಫಝ್ ಫೇಸ್ ಕಡೇದು. ಇಳಿಸಿದ್ರೂ ಫಝ್ ಹಾಗೇ ಇದ್ದು ಬರೀ ಸದ್ದು ಕಮ್ಮಿ ಆದ್ರೆ ಬಿಗ್ ಮಫ್ ಕಡೇದು, ಅದರಲ್ಲಿ ಗೇನ್, ಅಂದ್ರೆ ಸಿಗ್ನಲ್ ಉಬ್ಬಿಸೋ ಶಕ್ತಿ, ಅಷ್ಟು ಜಾಸ್ತಿ.

ಕನೆಕ್ಟ್ ಮಾಡೋ ಮುಂಚೆ

ಫಝ್ ಫೇಸ್ ಥರದ್ದಾದ್ರೆ ಗಿಟಾರ್ ಆದ್ಮೇಲೆ ಮೊದಲನೇ ಪೆಡಲ್ ಅದೇ ಇರ್ಲಿ. ಸಾಮಾನ್ಯ ಪೆಡಲಿನ ಇನ್‌ಪುಟ್ ಇಂಪಿಡೆನ್ಸ್ (ಬರೋ ಸಿಗ್ನಲ್‌ಗೆ ಒಡ್ಡೋ ತಡೆ) 500 ಕಿಲೋ ಓಮಿಂದ 1 ಮೆಗಾ ಓಮ್ ಇರುತ್ತೆ, ಅಂದ್ರೆ ಪಿಕಪ್ ಮೇಲೆ ಭಾರವೇ ಬೀಳಲ್ಲ. ಫಝ್ ಫೇಸಿನದು 10 ಕಿಲೋ ಓಮ್ ಆಸುಪಾಸು ಅಥವಾ ಅದಕ್ಕೂ ಕಮ್ಮಿ. ಅದು ಪಿಕಪ್ಪನ್ನ ಎಳೆದು ಹಿಡಿಯುತ್ತೆ, ಮೇಲಿನ ಚೂಪು ಹೋಗಿ ಸೌಂಡ್ ದುಂಡಗಾಗುತ್ತೆ. ಗಿಟಾರ್ ವಾಲ್ಯೂಮ್ ಸ್ವಲ್ಪ ಇಳಿಸಿದ್ರೆ ಮಧ್ಯದಲ್ಲಿ ರೆಸಿಸ್ಟೆನ್ಸ್ ಸೇರ್ಕೊಂಡು ಆ ಎಳೆತ ಸಡಿಲ ಆಗುತ್ತೆ, ಗೇನ್ ಇಳಿಯುತ್ತೆ, ಚೂಪು ವಾಪಸ್ ಬರುತ್ತೆ. ನಮ್ಮ ಹುಡುಗನ ಗಿಟಾರಲ್ಲಿ ಗಂಟೆ ಸದ್ದು ಬಂದಿದ್ದು ಹೀಗೆ.

ಮಧ್ಯದಲ್ಲಿ ಬಫರ್ (ಗಿಟಾರ್ ಸಿಗ್ನಲ್ಲನ್ನ ತಾನು ಇಸ್ಕೊಂಡು ಮುಂದೆ ತಳ್ಳೋ ಸರ್ಕ್ಯೂಟ್) ಇರೋ ಪೆಡಲ್ ಬಂದ್ರೆ, ಉದಾಹರಣೆಗೆ ಬಾಸ್ ಕಂಪನಿಯ ಟ್ಯೂನರ್, ಅದು ಆಫ್ ಇದ್ರೂ ಒಳಗಿನ ಬಫರ್ ಕೆಲಸ ಮಾಡ್ತಾನೇ ಇರುತ್ತೆ, ಆಗ ಫಝ್‌ಗೆ ಪಿಕಪ್ ಕಾಣೋದೇ ಇಲ್ಲ, ಸೌಂಡ್ ತೆಳ್ಳಗೆ ಚುಚ್ಚೋ ಹಾಗೆ ಆಗುತ್ತೆ, ವಾಲ್ಯೂಮ್ ನಾಬಿನ ಆಟವೂ ಮುಗೀತು. ವೈರ್‌ಲೆಸ್ ಹಾಕಿದ್ರೂ ಇದೇ ಕಥೆ. ಟ್ಯೂನರನ್ನ ಫಝ್ ಆದ್ಮೇಲೆ ಇಡಿ, ಟ್ಯೂನ್ ಮಾಡುವಾಗ ಫಝ್ ಆಫ್ ಮಾಡ್ಕೊಳ್ಳಿ, ಅಷ್ಟೇ. ವಾವಾ ಪೆಡಲ್ (ಸೌಂಡನ್ನ ವಾ ವಾ ಅನ್ನಿಸೋದು) ಇದ್ರೆ ಎರಡೂ ಕಡೆ ಇಟ್ಟು ನೋಡಿ, ಫಝ್ ಮುಂಚೆ ಇಟ್ರೆ ಕೆಲವು ಜೋಡಿಲಿ ಕುಯ್ಯೋ ಅಂತ ಕಿರುಚುತ್ತೆ ಅಥವಾ ವಾ ಅನ್ನೋ ಸದ್ದೇ ಹೊರಡಲ್ಲ, ಆಗ ಫಝ್ ಆದ್ಮೇಲೆ ಹಾಕಿ. ಬಿಗ್ ಮಫ್ ಥರದ್ದಕ್ಕೆ ಈ ಮಡಿ ಏನೂ ಬೇಕಿಲ್ಲ, ಎಲ್ಲಿಟ್ರೂ ನಡೆಯುತ್ತೆ.

ಪೆಡಲಲ್ಲಿ ಇನ್‌ಪುಟ್ ಅನ್ನೋ ನಾಬಿದ್ರೆ ಅದು ಎಷ್ಟೋ ಪೆಡಲ್‌ಗಳಲ್ಲಿ ಗಿಟಾರ್ ವಾಲ್ಯೂಮಿನ ತಮ್ಮ ಇದ್ದ ಹಾಗೆ, ಪೆಡಲ್ ಬಾಗಿಲಲ್ಲೇ ಕೂತಿರುತ್ತೆ. ಹಂಬಕರ್ (ಜೋಡಿ ಕಾಯಿಲಿನ ಪಿಕಪ್) ಗಿಟಾರ್ ಆದ್ರೆ ಸಿಗ್ನಲ್ ಜೋರು, ಅದನ್ನ ಅರ್ಧಕ್ಕೆ ಇಳಿಸಿ, ಕೆಳಗಿನ ತಂತಿಗಳ ಕೆಸರು ಅಲ್ಲೇ ಅರ್ಧ ತೊಳೆದುಹೋಗುತ್ತೆ.

ಪವರ್ ವಿಷಯ ಬೇಗ ಹೇಳಿ ಮುಗಿಸ್ತೀನಿ ಆದ್ರೆ ದಯವಿಟ್ಟು ಗಮನ ಕೊಡಿ. ಇವತ್ತಿನ ಬಹುತೇಕ ಪೆಡಲ್ 9 ವೋಲ್ಟ್, ಪಿನ್ನಿನ ಒಳಗೆ ಮೈನಸ್. ಆದ್ರೆ ಹಳೇ ಡಿಸೈನಿನ ಜರ್ಮೇನಿಯಂ (ಟ್ರಾನ್ಸಿಸ್ಟರ್ ಮಾಡೋ ಒಂದು ಧಾತು) ಫಝ್‌ಗಳಲ್ಲಿ ಪಿಎನ್‌ಪಿ ಅನ್ನೋ ಥರದ ಟ್ರಾನ್ಸಿಸ್ಟರ್ ಇದ್ದು ಪಾಸಿಟಿವ್ ಕಡೆ ಗ್ರೌಂಡ್ ಆಗಿರುತ್ತೆ, ಅಂಥದ್ದನ್ನ ಬೇರೆ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರಿನ ಸರಮಾಲೆ ಕೇಬಲ್ಲಿಗೆ ಹಾಕಿದ್ರೆ ಪ್ಲಸ್ಸು ಮೈನಸ್ಸು ಶಾರ್ಟ್ ಆಗುತ್ತೆ. ಪೆಡಲ್ ಕೆಳಗೆ ಬರೆದಿರೋದನ್ನ ಓದಿ, ಡೌಟ್ ಇದ್ರೆ ಬ್ಯಾಟರಿ ಹಾಕಿ. ಫಝ್ ತಿನ್ನೋ ಕರೆಂಟ್ ತೀರಾ ಕಮ್ಮಿ, ಒಂದು 9 ವೋಲ್ಟ್ ಬ್ಯಾಟರಿ ತುಂಬ ದಿನ ಬರುತ್ತೆ, ಆದ್ರೆ ಇನ್‌ಪುಟ್ ಜಾಕಿಗೆ ಕೇಬಲ್ ಸಿಕ್ಕಿಸಿದ್ರೇನೇ ಬ್ಯಾಟರಿ ಆನ್ ಆಗೋ ಥರ ಮಾಡಿರ್ತಾರೆ, ಅದಕ್ಕೆ ಬಾರಿಸಿ ಮುಗಿದ ಮೇಲೆ ಕೇಬಲ್ ಕಿತ್ತಿಡಿ.

ಜುಂಯ್ ಅನ್ನೋ ಹಮ್ ಬಗ್ಗೆನೂ ಒಂದು ಮಾತು. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಸಿಂಗಲ್ ಕಾಯಿಲ್ ಪಿಕಪ್ ಅದನ್ನ ಹಿಡಿದೇ ಹಿಡಿಯುತ್ತೆ, ಫಝ್ ಅದನ್ನ ಉಬ್ಬಿಸುತ್ತೆ. ತಂತಿ ಮುಟ್ಟಿದಾಗ ಹಮ್ ಕಮ್ಮಿ ಆದ್ರೆ ಗಿಟಾರಿನ ಗ್ರೌಂಡ್ ವೈರಿಂಗ್ ಸರಿ ಇದೆ ಅಂತ ಅರ್ಥ, ಆಂಪಿಗೆ ಬೆನ್ನು ಹಾಕಿ ನಿಂತು ನಿಧಾನಕ್ಕೆ ತಿರುಗಿ ನೋಡಿ, ಒಂದು ದಿಕ್ಕಲ್ಲಿ ಅರ್ಧಕ್ಕರ್ಧ ಹೋಗುತ್ತೆ. ಮುಂಬೈನ ಹಳೇ ಬಿಲ್ಡಿಂಗ್‌ಗಳಲ್ಲಿ ಅರ್ಥಿಂಗ್ ನೆಟ್ಟಗಿರಲ್ಲ, ಹಮ್ ಹೋಗ್ಲಿ ಅಂತ ಮೂರನೇ ಪಿನ್ ಕತ್ತರಿಸೋರನ್ನ ನೋಡಿದೀನಿ, ಯಾವತ್ತೂ ಹಾಗೆ ಮಾಡ್ಬೇಡಿ, ಕೈಯಲ್ಲಿ ಲೋಹದ ತಂತಿ ಹಿಡ್ಕೊಂಡು ನಿಂತಿರ್ತೀರ. ಎಲೆಕ್ಟ್ರಿಶಿಯನ್ ಕರೆಸಿ.

ನಾಬುಗಳು

ಮೊದಲು ಫಝ್ ಆಫ್ ಮಾಡಿ ಆಂಪ್ ಸರಿ ಮಾಡ್ಕೊಳ್ಳಿ. ಪೂರ್ತಿ ಕ್ಲೀನ್ ಬೇಡ, ಗಟ್ಟಿಯಾಗಿ ಬಾರಿಸಿದಾಗ ಒಂಚೂರು ಒಡೆಯೋ ಹಂತಕ್ಕೆ ಇಡಿ. ತೀರಾ ಕ್ಲೀನ್ ಆಂಪಿಗೆ ಫಝ್ ಹಾಕಿದ್ರೆ ಮೇಲಿನ ಗರಗರ ಎಲ್ಲಾ ಹಸಿ ಹಸಿಯಾಗಿ ಆಚೆ ಬರುತ್ತೆ, ಆಂಪ್ ಸ್ವಲ್ಪ ಬಿಸಿ ಆಗಿದ್ರೆ ಅದೇ ಮೂಲೆಗಳನ್ನ ಉಜ್ಜಿ ನುಣ್ಣಗೆ ಮಾಡುತ್ತೆ. ಆಂಪಿನ ಬೇಸ್ ಯಾವಾಗ್ಲೂ ಇಡೋದಕ್ಕಿಂತ ಕಮ್ಮಿ ಇಡಿ, ಫಝ್ ತನ್ನದೇ ಬೇಸ್ ತಗೊಂಡು ಬರುತ್ತೆ.

ಈಗ ಪೆಡಲ್. ಎಲ್ಲಾ ನಾಬು 12 ಗಂಟೆಗೆ (ಗಡಿಯಾರದ ಮುಳ್ಳಿನ ಹಾಗೆ, ನೇರ ಮೇಲಕ್ಕೆ), ಫಝ್ ನಾಬು ಮಾತ್ರ ಎಡಕ್ಕೆ ಪೂರ್ತಿ. ಗಿಟಾರ್ ವಾಲ್ಯೂಮ್ 10. ಪೆಡಲ್ ಆನ್ ಆಫ್ ಮಾಡ್ತಾ ಎರಡೂ ಸದ್ದು ಸಮ ಆಗೋ ತನಕ ಪೆಡಲಿನ ವಾಲ್ಯೂಮ್ ತಿರುಗಿಸಿ, ಆಮೇಲೆ ಒಂದು ಕೂದಲೆಳೆ ಜಾಸ್ತಿ ಕೊಡಿ. ಇದನ್ನ ಮೊದಲೇ ಮಾಡ್ಕೊಳ್ಳಲೇಬೇಕು, ಯಾಕಂದ್ರೆ ಜೋರಾಗಿ ಕೇಳಿದ್ದೆಲ್ಲಾ ಕಿವಿಗೆ ಚೆನ್ನಾಗೇ ಕೇಳ್ಸುತ್ತೆ, ಮೋಸ ಹೋಗ್ತೀವಿ.

ಫಝ್ ನಾಬು ಕೊನೆಗೆ. ಅದಕ್ಕಿಂತ ಮುಂಚೆ ಬಯಾಸ್, ಇದರ ಹತ್ರ ಸ್ವಲ್ಪ ಹೊತ್ತು ಕೂರೋಣ, ಎಲ್ಲರೂ ಹೆದರಿ ಮುಟ್ಟದೇ ಬಿಡೋ ನಾಬು ಇದೇ ಆದ್ರೆ ನನಗೆ ಕೇಳಿದ್ರೆ ಪೆಡಲಿನ ಜೀವ ಇರೋದು ಇಲ್ಲೇ. ಟ್ರಾನ್ಸಿಸ್ಟರ್ ಕೆಲಸ ಮಾಡೋಕೆ ಸಿಗ್ನಲ್ ಇಲ್ದೇ ಇರೋವಾಗ್ಲೂ ಒಂದು ವೋಲ್ಟೇಜಲ್ಲಿ ಕಾಯ್ತಾ ನಿಂತಿರಬೇಕು. ಫಝ್ ಫೇಸ್ ಥರದ್ರಲ್ಲಿ ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ಅನ್ನೋ ಕಾಲಲ್ಲಿ 9 ವೋಲ್ಟಿನ ಅರ್ಧ, ಅಂದ್ರೆ 4.5 ವೋಲ್ಟ್ ಆಸುಪಾಸು ಇಟ್ರೆ ಅಲೆಗೆ ಮೇಲೂ ಕೆಳಗೂ ಸಮ ಜಾಗ ಸಿಗುತ್ತೆ. ಬಯಾಸ್ ನಾಬು ಆ ನಿಲ್ಲೋ ಜಾಗವನ್ನ ಸರಿಸುತ್ತೆ.

ಹೀಗೆ ಮಾಡಿ. ದಪ್ಪ ಇ ತಂತಿಲಿ ಐದನೇ ಫ್ರೆಟ್ ಹಿಡಿದು ಎ ಸ್ವರ ಒಂದ್ಸಲ ಮೀಟಿ, ಬೆರಳು ತೆಗೀಬೇಡಿ, ಶುರುವನ್ನಲ್ಲ, ಬಾಲವನ್ನ ಕೇಳಿ. ಬಯಾಸ್ ಮಧ್ಯದಲ್ಲಿದ್ರೆ ಸ್ವರ ದಪ್ಪಗೆ ಶುರುವಾಗಿ ನಿಧಾನಕ್ಕೆ ತೆಳ್ಳಗಾಗ್ತಾ, ಕೊನೇಲಿ ಫಝ್ ಕಳಚಿ ಬರೀ ತಂತಿ ಸದ್ದಾಗಿ ಮುಗಿಯುತ್ತೆ. ಈಗ ಟ್ರಾನ್ಸಿಸ್ಟರಿಗೆ ವೋಲ್ಟೇಜ್ ಸಾಲದೇ ಬರೋ ಕಡೆಗೆ ಬಯಾಸ್ ಒಂದು ಗಂಟೆಯಷ್ಟು ತಿರುಗಿಸಿ ಮತ್ತೆ ಮೀಟಿ, ಬಾಲದ ಕೊನೇಲಿ ಚರಚರ ಅಂತ ಹಳೇ ಬಟ್ಟೆ ಹರಿದ ಹಾಗೆ ಆಗುತ್ತೆ. ಇನ್ನೊಂದು ಗಂಟೆ ತಿರುಗಿಸಿ, ಬಾಲವೇ ಇರಲ್ಲ, ಸ್ವರ ಬಂದು ಟಪ್ ಅಂತ ಬಾಗಿಲು ಹಾಕ್ಕೊಳ್ಳುತ್ತೆ. ಇನ್ನೂ ತಿರುಗಿಸಿದ್ರೆ ಶುರುವೇ ತಡ ಆಗುತ್ತೆ, ಒದ್ದೆ ಸೌದೆಗೆ ಬೆಂಕಿ ಹಚ್ಚಿದ ಹಾಗೆ ಪಟ್ ಪಟ್ ಅಂದು ಆಮೇಲೆ ಹತ್ಕೊಳ್ಳುತ್ತೆ. ಇದ್ಯಾವುದೂ ತಪ್ಪಲ್ಲ. ಟಪ್ ಅಂತ ನಿಲ್ಲೋ ಸೌಂಡು ಚಿಕ್ಕ ಚಿಕ್ಕ ರಿಫ್‌ಗೆ (ಮತ್ತೆ ಮತ್ತೆ ಬರೋ ತುಣುಕಿಗೆ), ಡ್ರಮ್ ಜೊತೆ ಲಾಕ್ ಆಗೋ ಬಿಟ್ಟುಬಿಟ್ಟು ಬಾರಿಸೋ ಲೈನ್‌ಗಳಿಗೆ ಬೇರೆ ಯಾವ ಪೆಡಲಲ್ಲೂ ಸಿಗದೇ ಇರೋ ರುಚಿ ಕೊಡುತ್ತೆ. ನಿಧಾನದ ಸೋಲೋಗೆ ಮಧ್ಯದ ಜಾಗ. ಕೆಲವು ಪೆಡಲಲ್ಲಿ ಇದಕ್ಕೆ ಗೇಟ್ ಅಂತಲೋ ವೋಲ್ಟ್ ಅಂತಲೋ ಬೇರೆ ಹೆಸರಿನ ನಾಬು ಇರುತ್ತೆ, ಸರ್ಕ್ಯೂಟ್ ಬೇರೆ ಇರಬಹುದು, ಹುಡುಕೋ ರೀತಿ ಇದೇ, ಬಾಲ ಕೇಳೋದು.

ಬಯಾಸ್ ಕೂತ ಮೇಲೆ ಫಝ್ ನಾಬನ್ನ ಎಡದಿಂದ ಮೇಲೆ ತನ್ನಿ. ಸಸ್ಟೇನ್ ಬೇಕಾದಷ್ಟು ಬಂದ ಕೂಡಲೇ ಕೈ ತೆಗೀರಿ. ಫಝ್ ಫೇಸ್ ಥರದ್ದು ಮುಕ್ಕಾಲಿನ ಮೇಲೇನೇ ಪೂರ್ತಿ ಅರಳುತ್ತೆ, ಅಲ್ಲಿಟ್ಟು ಗಿಟಾರ್ ವಾಲ್ಯೂಮಿಂದ ಇಳಿಸ್ಕೊಳ್ಳೋದು ವಾಸಿ, ಹತ್ತರಲ್ಲಿ ಸೋಲೋ, ಏಳೆಂಟರಲ್ಲಿ ರಿದಮ್, ಐದರಲ್ಲಿ ಕ್ಲೀನ್, ಮೂರೂ ಪೆಡಲ್ ಕಡೆ ಬಗ್ಗದೇನೇ. ಬಿಗ್ ಮಫ್ ಥರದ್ದಕ್ಕೆ ಅರ್ಧ ಸಾಕು, ಅದಕ್ಕಿಂತ ಮೇಲೆ ಹೋದ್ರೆ ಸಸ್ಟೇನ್ ಹೆಚ್ಚೋದಕ್ಕಿಂತ ನಾಯ್ಸೇ ಹೆಚ್ಚುತ್ತೆ.

ಕಾರ್ಡ್ ಯಾಕೆ ಕಲಸೋಗುತ್ತೆ

"ಜಿ ಮೇಜರ್ ಬಾರಿಸಿದ್ರೆ ಚಿತ್ರಾನ್ನ ಆಗುತ್ತೆ ಅಣ್ಣ" ಅಂದ ಹುಡುಗ. ಹೌದು, ಆಗುತ್ತೆ. ಎರಡು ಸ್ವರ ಒಟ್ಟಿಗೆ ಫಝ್ ಒಳಗೆ ಹೋದ್ರೆ ಅವೆರಡೇ ಆಚೆ ಬರಲ್ಲ, ಅವುಗಳ ಮೊತ್ತದ್ದು ಒಂದು, ವ್ಯತ್ಯಾಸದ್ದು ಒಂದು, ಹೀಗೆ ಇನ್ನಷ್ಟು ಸ್ವರ ಹುಟ್ಕೊಳ್ತವೆ. ಎ ಸ್ವರ 110 ಹರ್ಟ್ಸ್, ಅದರ ಪಂಚಮ ಇ 165 ಹರ್ಟ್ಸ್. ವ್ಯತ್ಯಾಸ 55, ಅದು ಅದೇ ಎ, ಒಂದು ಸ್ಥಾಯಿ ಕೆಳಗೆ. ಮೊತ್ತ 275, ಅದು ಎ ಗೆ ಸೇರಿದ ಅಂತರ ಗಾಂಧಾರ. ಅದಕ್ಕೇ ಬರೀ ಎರಡು ತಂತಿಯ ಪವರ್ ಕಾರ್ಡ್ ಫಝ್‌ನಲ್ಲಿ ಅಷ್ಟು ದೊಡ್ಡದಾಗಿ, ತುಂಬಿ ಬಂದ ಹಾಗೆ ಕೇಳೋದು. ಷಡ್ಜ ಪಂಚಮಕ್ಕೆ ಶ್ರುತಿ ಮಾಡಿದ ತಂಬೂರಿ ಮುಂದೆ ಕೂತವರಿಗೆ ಯಾರೂ ಮೀಟದ ಗಾಂಧಾರ ತಾನಾಗೇ ಕೇಳುತ್ತಲ್ಲ, ಸ್ವಯಂಭೂ ಗಾಂಧಾರ ಅಂತಾರೆ, ಅಲ್ಲಿ ಅದು ತಂತಿಯ ಹಾರ್ಮೋನಿಕ್ಸಿಂದ ಬರುತ್ತೆ, ಇಲ್ಲಿ ಟ್ರಾನ್ಸಿಸ್ಟರಿಂದ, ಆದ್ರೆ ಕಿವಿಗೆ ಬೀಳೋ ಸ್ವರ ಅದೇ. ನಮ್ಮಮ್ಮ ಚಿಕ್ಕವಳಿದ್ದಾಗ ಸಂಗೀತ ಕಲಿತವರು, ಒಂದ್ಸಲ ನಾನು ಎ ಮತ್ತು ಇ ಎರಡೇ ತಂತಿ ಫಝ್ ಹಾಕಿ ಬಿಟ್ಟಾಗ ಅಡುಗೆಮನೆಯಿಂದಾನೇ "ಗಾಂಧಾರ ಎಲ್ಲಿಂದ ಬಂತೋ" ಅಂದಿದ್ರು.

ಈಗ ಅದೇ ಎ ಜೊತೆಗೆ ಸಿ ಶಾರ್ಪ್ ಹಿಡೀರಿ. ಫ್ರೆಟ್ಟಿನ ಲೆಕ್ಕದಲ್ಲಿ ಸಿ ಶಾರ್ಪ್ 138.6 ಹರ್ಟ್ಸ್, ತಂಬೂರಿಲಿ ಕೇಳೋ ಆ ಅಂತರ ಗಾಂಧಾರದ ಲೆಕ್ಕ ಆಗಿದ್ರೆ 137.5 ಇರಬೇಕಿತ್ತು. ವ್ಯತ್ಯಾಸ 28.6 ಬಂತು, ಎ ಸ್ವರದ ಎರಡು ಸ್ಥಾಯಿ ಕೆಳಗಿನ 27.5 ಆಗ್ಬೇಕಿತ್ತು. ಆ ಒಂದು ಹರ್ಟ್ಸಿನ ಜಗಳವೇ ಅಲೆ ಅಲೆಯಾಗಿ ಒದ್ದಾಡೋ ಹಾಗೆ ಕೇಳೋದು, ಆರು ತಂತಿ ಒಟ್ಟಿಗೆ ಹೋದ್ರೆ ಇಂಥ ಜಗಳ ಹತ್ತಾರು. ಆದ್ದರಿಂದ ಫಝ್ ಪೂರ್ತಿ ಇದ್ದಾಗ ಎರಡೇ ತಂತಿ ಬಾರ್ಸಿ, ಷಡ್ಜ ಪಂಚಮ ಇಲ್ಲಾಂದ್ರೆ ಆಕ್ಟೇವ್. ಪೂರ್ತಿ ಕಾರ್ಡ್ ಬೇಕೇ ಬೇಕು ಅಂದ್ರೆ ಗಿಟಾರ್ ವಾಲ್ಯೂಮ್ ಐದಕ್ಕೆ. ಟ್ಯೂನಿಂಗ್ ಕೂಡ ಮಾಮೂಲಿಗಿಂತ ಹುಷಾರಾಗಿ ಮಾಡ್ಕೊಳ್ಳಿ, ಒಂಚೂರು ಆಚೀಚೆ ಆದ್ರೂ ಫಝ್ ಮುಚ್ಚಿಡಲ್ಲ.

ಬ್ಯಾಂಡ್ ಮಧ್ಯೆ ಕಾಣೆಯಾಗೋದು

ಮನೇಲಿ ಒಬ್ಬರೇ ಬಾರಿಸಿದಾಗ ಗೋಡೆ ಅದುರೋ ಹಾಗಿದ್ದ ಸೌಂಡು ಜಾಮ್ ರೂಮಿಗೆ ಹೋದ್ಮೇಲೆ ಇದ್ದೂ ಇಲ್ಲದ ಹಾಗೆ ಆಗೋದಕ್ಕೆ ಕಾರಣ ಬಹುತೇಕ ಮಿಡ್ಸ್. ಬಿಗ್ ಮಫ್ ಥರದ ಟೋನ್ ಕಂಟ್ರೋಲ್ ಮಧ್ಯದಲ್ಲಿಟ್ರೆ 1 ಕಿಲೋ ಹರ್ಟ್ಸ್ ಆಸುಪಾಸು ಒಂದು ಗುಂಡಿ ಬೀಳುತ್ತೆ. ಒಬ್ಬರೇ ಇದ್ದಾಗ ಆ ಗುಂಡಿ ಚೆಂದ, ಕೆಳಗೆ ದಪ್ಪ, ಮೇಲೆ ಮಿಂಚು. ಬ್ಯಾಂಡಲ್ಲಿ ಕೆಳಗಿನ ಜಾಗ ಬೇಸ್ ಗಿಟಾರ್ ತಗೊಳ್ಳುತ್ತೆ, ಮೇಲಿನದು ಸಿಂಬಲ್, ಗಿಟಾರಿಗೆ ಉಳಿಯೋದೇ ಮಧ್ಯ, ಅದನ್ನೇ ನಾವು ತೋಡಿ ಎಸೆದಿರ್ತೀವಿ. ಅಂಧೇರಿ ಕಡೆ ಒಂದು ಜಾಮ್ ರೂಮಲ್ಲಿ ನಾನು ಇಡೀ ಒಂದು ವರ್ಷ ವಾಲ್ಯೂಮ್ ಏರಿಸ್ತಾ ಹೋಗಿ ಡ್ರಮ್ಮರ್ ಹತ್ರ ಬೈಸ್ಕೊಂಡಿದ್ದೆ, ಕೊನೆಗೆ ಅವನೇ "ಜೋರು ಬೇಡ ಮಾರಾಯ, ಮಧ್ಯದ್ದು ಕೊಡು" ಅಂದ. ಮಿಡ್ಸ್ ಸ್ವಿಚ್ಚು ಹಾಕಿ, ವಾಲ್ಯೂಮ್ ಇಳಿಸಿದ್ರೂ ನಾನು ಕೇಳಿಸ್ದೆ.

ಸ್ವಿಚ್ಚು ಇಲ್ಲದ ಪೆಡಲ್ ಆದ್ರೆ ಫಝ್ ಆದ್ಮೇಲೆ ಟ್ಯೂಬ್ ಸ್ಕ್ರೀಮರ್ ಥರದ ಓವರ್‌ಡ್ರೈವ್ ಒಂದು ಇಟ್ಟು ಅದರ ಡ್ರೈವ್ ಸೊನ್ನೆಗೆ, ಲೆವೆಲ್ ಅರ್ಧಕ್ಕಿಂತ ಮೇಲೆ ಇಡಿ, ಅದು 720 ಹರ್ಟ್ಸ್ ಆಸುಪಾಸು ತಾನೇ ಒಂದು ದಿಬ್ಬ ಎಬ್ಬಿಸುತ್ತೆ, ಗುಂಡಿ ತುಂಬುತ್ತೆ. ಟೋನ್ ನಾಬನ್ನ ಮನೇಲಿ ಸರಿ ಅನ್ಸಿದ್ದಕ್ಕಿಂತ ಸ್ವಲ್ಪ ಎಡಕ್ಕೆ ಇಡಿ, ಜಾಮ್ ರೂಮಿನ ಜೋರಲ್ಲಿ ಮೇಲಿನ ಚೂಪು ತಾನಾಗೇ ಕಾಣುತ್ತೆ.

ಆಕ್ಟೇವ್ ಸ್ವಿಚ್ಚಿನ ಬಗ್ಗೆ ಹೆಚ್ಚು ಹೇಳೋದಿಲ್ಲ. ಜಿಮಿ ಹೆಂಡ್ರಿಕ್ಸ್‌ಗೆ ರಾಜರ್ ಮೇಯರ್ ಮಾಡಿಕೊಟ್ಟ ಆಕ್ಟೇವಿಯಾ ಪೆಡಲಿನ ಐಡಿಯಾ ಅದು, ಅಲೆಯ ಕೆಳಗಿನ ಅರ್ಧವನ್ನ ಮಡಚಿ ಮೇಲಕ್ಕೆ ತರೋದು, ಆಗ ಒಂದು ಸುತ್ತಲ್ಲಿ ಎರಡು ಗುಡ್ಡ, ಸ್ವರ ಒಂದು ಸ್ಥಾಯಿ ಮೇಲೆ. ಇದು ಸರಿಯಾಗಿ ಕೇಳ್ಬೇಕಂದ್ರೆ ನೆಕ್ ಪಿಕಪ್ಪು (ಗಿಟಾರಿನ ಕತ್ತಿನ ಕಡೇದು), ಗಿಟಾರಿನ ಟೋನ್ ನಾಬು ಪೂರ್ತಿ ಕೆಳಗೆ, ಹನ್ನೆರಡನೇ ಫ್ರೆಟ್ಟಿಂದ ಮೇಲೆ, ಒಂದೇ ತಂತಿ. ಬ್ರಿಜ್ ಪಿಕಪ್ಪಲ್ಲಿ ಟ್ರೈ ಮಾಡಿ ಪೆಡಲ್ ಕೆಟ್ಟಿದೆ ಅಂದ್ಕೊಂಡವರು ತುಂಬ ಜನ ಇದಾರೆ.

ಫ್ಲ್ಯಾಟಲ್ಲಿ ಹೆಡ್‌ಫೋನ್ ಹಾಕಿ ಬಾರಿಸೋರಿಗೆ

ಮುಂಬೈಲಿ ಪಕ್ಕದ ಮನೆ ಗೋಡೆ ನಮ್ಮ ಗೋಡೆ ಒಂದೇ, ರಾತ್ರಿ ಬಾರಿಸೋಕೆ ಆಡಿಯೋ ಇಂಟರ್‌ಫೇಸೇ (ಗಿಟಾರನ್ನ ಕಂಪ್ಯೂಟರಿಗೆ ಸೇರಿಸೋ ಡಬ್ಬಿ) ಗತಿ. ಫಝ್ ಪೆಡಲನ್ನ ಇಂಟರ್‌ಫೇಸಿಗೆ ಹಾಕಿ ನೇರ ಕೇಳಿದ್ರೆ ಯಾವ ಪೆಡಲ್ ಆದ್ರೂ ಜೇನುಹುಳವೇ, ಯಾಕಂದ್ರೆ ಗಿಟಾರ್ ಸ್ಪೀಕರ್ 5 ಕಿಲೋ ಹರ್ಟ್ಸ್ ದಾಟಿದ ಮೇಲಿನದನ್ನ ಬಹುಪಾಲು ನುಂಗಿಬಿಡುತ್ತೆ, ಹೆಡ್‌ಫೋನ್ ನುಂಗಲ್ಲ. ಆಂಪ್ ಸಿಮ್ಯುಲೇಟರಲ್ಲಿ ಕ್ಯಾಬಿನೆಟ್ (ಸ್ಪೀಕರ್ ಡಬ್ಬಿಯ ನಕಲು) ಆನ್ ಇರ್ಲೇಬೇಕು. ಇನ್ನೊಂದು, ಕಂಪ್ಯೂಟರ್ ಒಳಗಿನ ಪ್ಲಗಿನ್ ಫಝ್‌ಗಳಲ್ಲಿ ಗಿಟಾರ್ ವಾಲ್ಯೂಮ್ ಇಳಿಸಿದ್ರೆ ಆ ಗಂಟೆ ಸದ್ದು ಪೆಡಲಲ್ಲಿ ಬಂದಷ್ಟು ಚೆನ್ನಾಗಿ ಬರಲ್ಲ. ಇಂಟರ್‌ಫೇಸಿನ ಗಿಟಾರ್ ಇನ್‌ಪುಟ್ 1 ಮೆಗಾ ಓಮ್ ಆಸುಪಾಸು, ಪಿಕಪ್ಪಿಗೆ ಫಝ್‌ನ ಎಳೆತ ಸಿಗೋದೇ ಇಲ್ಲ. ಅಸಲಿ ಪೆಡಲ್ ಇದ್ರೆ ಗಿಟಾರ್, ಪೆಡಲ್, ಇಂಟರ್‌ಫೇಸ್, ಆಮೇಲೆ ಆಂಪ್ ಪ್ಲಗಿನ್, ಈ ಕ್ರಮ.

ಜರ್ಮೇನಿಯಂ ಮತ್ತೆ ನಮ್ಮ ಸೆಕೆ

ಟ್ರಾನ್ಸಿಸ್ಟರ್ ಎರಡು ಥರ. ಸಿಲಿಕಾನ್ ಆದ್ರೆ ಚೂಪು, ಗೇನ್ ಜಾಸ್ತಿ, ಬಿಸಿಲಿಗೂ ಚಳಿಗೂ ಜಗ್ಗಲ್ಲ, ಆದ್ರೆ ಕೆಲವೊಮ್ಮೆ ಉದ್ದ ಕೇಬಲ್ ಆಂಟೆನಾ ಥರ ಕೆಲಸ ಮಾಡಿ ರೇಡಿಯೋ ಸ್ಟೇಷನ್ ಹಿಡಿಯುತ್ತೆ, ಗಿಡ್ಡ, ಒಳ್ಳೆ ಶೀಲ್ಡ್ ಇರೋ ಕೇಬಲ್ ಹಾಕಿದ್ರೆ ಸುಮಾರು ಕಮ್ಮಿ ಆಗುತ್ತೆ. ಜರ್ಮೇನಿಯಂ ಮೆತ್ತಗೆ, ಬೆಚ್ಚಗೆ, ವಾಲ್ಯೂಮ್ ಇಳಿಸಿದ್ರೆ ಬಹಳ ಚೆನ್ನಾಗಿ ತಿಳಿಯಾಗುತ್ತೆ. ನನ್ನ ಜರ್ಮೇನಿಯಂ ಫಝ್ ಒಳಗಿರೋದು ಎಸಿ128 ಅನ್ನೋ ಟ್ರಾನ್ಸಿಸ್ಟರ್, ನಮ್ಮ ಬೆಂಗಳೂರಿನ ಬಿಇಎಲ್ ಕಾರ್ಖಾನೇಲಿ ತಯಾರಾದದ್ದು. ಮುಂಬೈನ ಲ್ಯಾಮಿಂಗ್ಟನ್ ರೋಡಲ್ಲಿ ಹಳೇ ಸ್ಟಾಕ್ ಇಟ್ಟಿರೋ ಅಂಗಡಿಯವರೊಬ್ಬರು ಡ್ರಾಯರ್ ತಳದಿಂದ ಒಂದು ಮುಷ್ಟಿ ತೆಗೆದುಕೊಟ್ರು, ಆ ಚಿಕ್ಕ ಲೋಹದ ಟೋಪಿಯ ಮೇಲೆ ಬಿಇಎಲ್ ಅಂತ ಓದಿದಾಗ ಆದ ಖುಷಿ ಹೇಳೋಕಾಗಲ್ಲ. ಎಂಟು ತಂದೆ, ಮೀಟರ್ ಹಿಡಿದು ಲೀಕೇಜು ಗೇನು ನೋಡಿದ್ಮೇಲೆ ಉಪಯೋಗಕ್ಕೆ ಬಂದಿದ್ದು ಮೂರು. ನೀವು ತಗೊಳ್ಳೋದಾದ್ರೂ ನಾಲ್ಕಾರು ಜಾಸ್ತಿನೇ ತನ್ನಿ.

ತೊಂದರೆ ಏನಂದ್ರೆ ಜರ್ಮೇನಿಯಂ ಒಳಗೆ ಸೋರೋ ಕರೆಂಟು ಪ್ರತಿ 10 ಡಿಗ್ರಿ ಸೆಕೆಗೆ ಸುಮಾರು ಡಬಲ್ ಆಗುತ್ತೆ, ಅದರ ಜೊತೆ ಬಯಾಸ್ ಜಾರುತ್ತೆ. ಒಂದು ಮೇ ತಿಂಗಳಲ್ಲಿ ವಾಶಿ ಕಡೆ ಓಪನ್ ಸ್ಟೇಜಲ್ಲಿ ನಮ್ಮ ಸೌಂಡ್ ಚೆಕ್ ಮಧ್ಯಾಹ್ನ ನಾಲ್ಕಕ್ಕೆ, ಪೆಡಲ್ ಬೋರ್ಡು ಅರ್ಧ ಗಂಟೆ ಬಿಸಿಲಲ್ಲೇ ಬಿದ್ದಿತ್ತು, ಪೆಡಲ್ ಮುಟ್ಟಿದ್ರೆ ದೋಸೆ ಕಾವಲಿ. ಸ್ವರ ಬಾಯಿ ಬಿಡೋ ಮುಂಚೆನೇ ಸಾಯ್ತಿತ್ತು. ನಾನು ಆ ಬಿಸಿಗೇ ಬಯಾಸ್ ಹೊಂದಿಸಿ ಬಿಟ್ಟೆ, ರಾತ್ರಿ ಎಂಟೂವರೆಗೆ ಸ್ಟೇಜ್ ಹತ್ತಿದಾಗ ಪೆಡಲ್ ತಣ್ಣಗಾಗಿ ಬಯಾಸ್ ಇನ್ನೊಂದು ಕಡೆಗೆ ಹೋಗಿತ್ತು, ಮೊದಲ ಹಾಡು ಪೂರ್ತಿ ಹಾಳಾಯ್ತು. ಅವತ್ತಿಂದ ಬಿಸಿಲಲ್ಲಿ ಬೋರ್ಡ್ ಮೇಲೆ ಬಿಳಿ ಟವೆಲ್ ಮುಚ್ಚಿಡ್ತೀನಿ, ಸ್ಟೇಜ್ ಹತ್ತೋ ಮುಂಚೆ ಐದನೇ ಫ್ರೆಟ್ ಎ ಮೀಟಿ ಬಾಲ ಕೇಳ್ತೀನಿ, ಹತ್ತು ಸೆಕೆಂಡಿನ ಕೆಲಸ. ಮಳೆಗಾಲದಲ್ಲಿ ಬೇರೆ ಕಾಟ, ಜಾಕ್‌ಗಳಿಗೆ ಪಾಚಿ ಕಟ್ಟಿದ ಹಾಗೆ ತುಕ್ಕು ಹಿಡಿದು ಕರಕರ ಅನ್ನುತ್ತೆ, ಬ್ಯಾಗಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ತಿಂಗಳಿಗೊಂದ್ಸಲ ಕಾಂಟ್ಯಾಕ್ಟ್ ಕ್ಲೀನರ್ ಹೊಡೀರಿ.

ಹುಡುಗನ ಪೆಡಲ್ ಸಿಲಿಕಾನ್, ಅವನಿಗೆ ಈ ಸೆಕೆಯ ತಲೆನೋವಿಲ್ಲ. ಸಂಜೆ ಹೊರಡೋ ಮುಂಚೆ ಪೆಡಲ್ ಮೇಲೆ ಬಿಳಿ ಪೇಪರ್ ಟೇಪ್ ಅಂಟಿಸಿ ಮೂರು ಜಾಗ ಗುರುತು ಹಾಕಿ ಕೊಟ್ಟೆ. ರಿಫ್‌ಗೆ ಬಯಾಸ್ 9 ಗಂಟೆ, ಫಝ್ 2, ಟೋನ್ 11, ಮಿಡ್ಸ್ ಆನ್. ಸೋಲೋಗೆ ಬಯಾಸ್ 12, ಫಝ್ 3, ಟೋನ್ 10, ನೆಕ್ ಪಿಕಪ್ಪು. ಹಾಡಿನ ಹಿಂದೆ ಬಾರಿಸೋಕೆ ಅದೇ ಸೋಲೋ ಸೆಟ್ಟಿಂಗು, ಗಿಟಾರ್ ವಾಲ್ಯೂಮ್ ಮಾತ್ರ 5. ನಿಮ್ಮ ಪೆಡಲಲ್ಲಿ ಈ ನಂಬರ್ ಆಚೀಚೆ ಆಗುತ್ತೆ, ಬಯಾಸ್ ಉಲ್ಟಾ ದಿಕ್ಕಿಗೂ ಇರಬಹುದು, ಗುರುತನ್ನ ಜಾಮ್ ರೂಮಲ್ಲಿ ಡ್ರಮ್ ಬಾರಿಸ್ತಿರೋವಾಗ್ಲೇ ಹಾಕಿ, ಮನೇಲಿ ಹಾಕಿದ್ದು ಅಲ್ಲಿ ಹೊಂದಲ್ಲ. ನನ್ನ ಜರ್ಮೇನಿಯಂ ಪೆಡಲಿನ ಟೇಪಲ್ಲಿ ಬಯಾಸ್ ಹತ್ರ ಎರಡು ಗೆರೆ ಇದೆ, ಒಂದರ ಪಕ್ಕ ಮೇ ಅಂತ, ಇನ್ನೊಂದರ ಪಕ್ಕ ಡಿಸೆಂಬರ್ ಅಂತ ಬರ್ದಿದೀನಿ.